ಆತ್ರಿ ಅಂದರೆ ಒಪ್ಪಿಗೆಯಲ್ಲ

ಹೋದ ವಾರ ಬೆಳಗಾವಿಯ ಕ್ಯಾಂಪಿನ ಸಭಾಗೃಹವೊಂದರಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಏರ್ಪಾಡೆಲ್ಲ ಅವರ ಕಂಪನಿಗೆ ಬಂಡವಾಳ ಹಾಕಿದವರದು. ಫೋಟೋಕ್ಕೆ ಗಂಧದ ಹಾರ, ಬಂದವರಿಗೆ ಬಾಟಲಿ ನೀರು, ಪರದೆಯ ಮೇಲೆ ಅಕ್ಕೋರ ಹೆಸರು, ಅದರ ಕೆಳಗೆ ಹೆಸರಿಗಿಂತ ದೊಡ್ಡದಾಗಿ ಬಂಡವಾಳದವರ ಗುರುತು. ಅವರ ಪ್ರತಿನಿಧಿ ಮೈಕಿನ ಮುಂದೆ ನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಮೇಡಂ ತುಂಬಾ ಸಿಂಪಲ್ ವ್ಯಕ್ತಿ. ಬೇಸಿಕಲಿ ಅವರ ಬಾಯಲ್ಲಿ ಇಲ್ಲ ಅನ್ನೋ ಮಾತೇ ಬರ್ತಿರಲಿಲ್ಲ. ಏನೇ ಕೇಳಿದ್ರೂ ನಗ್ತಾ ನಗ್ತಾ ಆತ್ರಿ ಅಂತಿದ್ರು."

ಜನ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಯಾರೋ "ಖರೇ, ಖರೇ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು! ಅಪ್ಪಟ ಸುಳ್ಳು! ಅಕ್ಕೋರಷ್ಟು ಸಲ 'ಇಲ್ಲ' ಅಂದ ಹೆಣ್ಣುಮಗಳನ್ನು ನಾನು ನಮ್ಮ ಖಾಸಬಾಗದ ಓಣಿಗಳಲ್ಲೆಲ್ಲೂ ಕಂಡಿಲ್ಲ. ನಿಮಗೆ ಕಿವಿ ಇರಲಿಲ್ಲ, ಅದು ಅವರ ತಪ್ಪೇ? ಅಲ್ಲೇ ಎದ್ದು ಕೂಗಬೇಕೆನ್ನಿಸಿತು. ಅಕ್ಕೋರ ತಮ್ಮ ಪಕ್ಕದಲ್ಲೇ ಕೂತಿದ್ದರು, ಅವರ ಮುಖ ನೋಡಿ ಸುಮ್ಮನಾದೆ. ಸಭೆ ಮುಗಿಯುವ ಮುಂಚೆ ಹೊರಗೆ ಬಂದು ಚಪ್ಪಲಿ ಹಾಕಿಕೊಂಡು ಮನೆಗೆ ನಡೆದೆ. ಅಲ್ಲಿ ಆಡದೆ ಬಂದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೆಳಗಾವಿ ಕಡೆಯವರಲ್ಲದವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. 'ಆತ್ರಿ' ಅಂದರೆ 'ಆಯ್ತು ರೀ'. ಪುಸ್ತಕದಲ್ಲಿ ಹಾಗೆ. ಬಾಯಲ್ಲಿ ಬೇರೆ. ಹೆಣ್ಣು ನೋಡಲು ಬಂದವರು ಎದ್ದು ಹೊರಡುವಾಗ ಹುಡುಗಿಯ ಅಪ್ಪ "ಆತ್ರಿ, ಹೇಳಿ ಕಳಸ್ತೀವಿ" ಅಂದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಮಾತು ಮುಗಿಯದ ಬೀಗರಿಗೆ ಬಾಗಿಲಲ್ಲಿ ನಿಂತು "ಆತ್ರಿ, ಆತ್ರಿ" ಅಂದರೆ ಇನ್ನು ಹೊರಡಿ ಮಾರಾಯರೇ ಎಂದು. ಎದುರಿನವರ ಮುಖ ಮುರಿಯಬಾರದು, ತನ್ನ ಪಟ್ಟೂ ಬಿಡಬಾರದು, ಅದಕ್ಕೆ ನಾವು ಇಟ್ಟುಕೊಂಡ ಮಾತು ಅದು. ಒಪ್ಪಿಗೆಯೂ ಅದರಲ್ಲಿ ಇರಬಹುದು. ಇದೆಯೋ ಇಲ್ಲವೋ ಎಂಬುದನ್ನು ದನಿ ಕೇಳಿ ತಿಳಿಯಬೇಕು.

ಅಕ್ಕೋರು, ಅಂದರೆ ನಮ್ಮ ಕಡೆ ಟೀಚರಮ್ಮ, ಈ ಮಾತಿನ ರಾಣಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಕಾಲದಲ್ಲಿ ಆಡಳಿತ ಮಂಡಳಿಯ ಹಿರಿಯರೊಬ್ಬರು ತಮ್ಮ ಮೊಮ್ಮಗನನ್ನು ಪಾಸು ಮಾಡಿಕೊಡಿ ಎಂದು ಕೇಳಲು ಮನೆಗೇ ಬಂದಿದ್ದರಂತೆ. ಅಕ್ಕೋರು ಚಹಾ ಕೊಟ್ಟರು, ಚೂಡಾ ಕೊಟ್ಟರು, ಕೇಳಿದ್ದಕ್ಕೆಲ್ಲ "ಆತ್ರಿ, ನೋಡೂಣ್ರಿ" ಅಂದರು. ಹುಡುಗ ಫೇಲಾದ. ಹಿರಿಯರು ಮರುದಿನ ಸಿಕ್ಕಾಗ ಸಿಟ್ಟಾಗಲಿಲ್ಲ. "ನಿಮ್ಮ ದನಿ ಕೇಳಿದಾಗನ ನನಗ ಗೊತ್ತಾಗಿತ್ರಿ" ಅಂದರಂತೆ. ಊರಿನವರು ಅಂದರೆ ಹೀಗೆ.

ಅಕ್ಕೋರು ಎತ್ತರದ ಆಳು, ಇಸ್ತ್ರಿ ಕಾಣದ ಇಳಕಲ್ ಸೀರೆ, ಮುಂಗೈಯ ಒಳಮಗ್ಗುಲಿಗೆ ಕಟ್ಟಿದ ಗಡಿಯಾರ. ಗಡಿಯಾರ ಒಳಮಗ್ಗುಲಿಗೆ ಯಾಕೆಂದರೆ ಎದುರಿಗಿದ್ದವರಿಗೆ ತಾವು ಹೊತ್ತು ನೋಡುವುದು ಕಾಣಬಾರದು. ಅವರದು ಹಳೆಯ ಜೈನ ಮನೆತನ. ದೇವರ ಮನೆಯಲ್ಲಿ ಎಷ್ಟು ಹೊತ್ತು ಕೂರುತ್ತಿದ್ದರೋ ನಾನು ನೋಡಿಲ್ಲ, ಆದರೆ ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕಿದ್ದನ್ನೂ ನೋಡಿಲ್ಲ. ಸಂಜೆಯಾಗುತ್ತ ಬಂದರೆ ಅವರ ಕಣ್ಣು ಕಿಟಕಿಯ ಕಡೆಗೇ. "ತಂಗಿ, ಡಬ್ಬಿ ತಗೀಲೇನ?" ಎಂದು ನನ್ನನ್ನು ಕೇಳುವುದು, ರೊಟ್ಟಿ ಮುರಿದು ಅರ್ಧ ನನಗೆ ಕೊಡುವುದು. ಉಳ್ಳಾಗಡ್ಡಿ ಇಲ್ಲದ ಪಲ್ಯ ಅಷ್ಟು ರುಚಿಯಿರುತ್ತದೆ ಎಂದು ನನಗೆ ಗೊತ್ತಾದದ್ದೇ ಅವರಿಂದ.

ಇನ್ನೊಂದು ರೂಢಿ. ವರ್ಷಕ್ಕೊಮ್ಮೆ ಅವರ ಪರ್ವ ಮುಗಿದ ಮರುದಿನ ಕ್ಷಮೆ ಕೇಳುವ ದಿನ. ಜೈನರು ತಮ್ಮತಮ್ಮಲ್ಲೇ ಕೈಮುಗಿದು ಕೇಳಿಕೊಳ್ಳುತ್ತಾರೆ. ಅಕ್ಕೋರು ಓಣಿಯವರನ್ನೆಲ್ಲ ಕೇಳುತ್ತಿದ್ದರು. ಹಾಲಿನವನನ್ನು, ನನ್ನನ್ನು, ಕೆಳಗಿನ ಮನೆಯ ಮಗ್ಗದ ಮಾಲೀಕನನ್ನೂ ಸಹ. ಆ ಮಾಲೀಕನ ಜೊತೆ ವರ್ಷವಿಡೀ ಜಗಳ, ಮಗ್ಗದ ಸದ್ದಿನ ಬಗ್ಗೆ. ಆ ದಿನ ಮಾತ್ರ ಮೆಟ್ಟಿಲಿಳಿದು ಹೋಗಿ, "ನನ್ನಿಂದ ಏನರೆ ತಪ್ಪಾಗಿದ್ರ ಕ್ಷಮಾ ಇರಲಿ" ಅನ್ನುವರು. ಆತ ಕೈಮುಗಿದು "ಇರಲಿ ಬಿಡ್ರಿ ಅಕ್ಕೋರ" ಅನ್ನುವನು. ಮರುದಿನದಿಂದ ಮತ್ತೆ ಶುರು.

ಆ ಮಗ್ಗಗಳ ಮೇಲಿನ ಮಾಳಿಗೆಯೇ ನಮ್ಮ ಕಂಪನಿ. ಕಂಪನಿ ಎಂದರೆ ಅಕ್ಕೋರು, ಕಂಪ್ಯೂಟರ್ ಬಲ್ಲ ಅವರ ಇಬ್ಬರು ಹಳೆಯ ವಿದ್ಯಾರ್ಥಿಗಳು, ಮತ್ತು ಶಾಲೆಯ ಕೆಲಸ ಬಿಟ್ಟು ಬಂದಿದ್ದ ನಾನು. ಅಕ್ಕೋರು ನಿವೃತ್ತರಾದ ಮೇಲೆ ಹಿಡಿದ ಹುಚ್ಚು ಇದು. ಫೋನಿಗೆ ಮನೆಯ ಮಾತಿನಲ್ಲೇ ಏನಾದರೂ ಕೇಳಿದರೆ ಯಂತ್ರ ತಿಳಿದುಕೊಂಡು ಉತ್ತರ ಹೇಳಬೇಕು: ದವಾಖಾನೆಯಲ್ಲಿ ಡಾಕ್ಟರು ಇದ್ದಾರೋ, ಪಿಂಚಣಿ ಬಂದಿದೆಯೋ, ಬಸ್ಸು ಎಷ್ಟಕ್ಕೆ. ದೊಡ್ಡ ಕಂಪನಿಗಳ ಯಂತ್ರಗಳಿಗೆ ಖಾನಾಪುರದ ಮಾತು ಹತ್ತುವುದಿಲ್ಲ. "ಡಾಕ್ಟರ್ ಆಹೇತ್ ಕಾ, ಇಲ್ಲಾ ಮನಿಗೆ ಹೋದ್ರೇನು?" ಎಂದು ಅಲ್ಲಿಯವರು ಒಂದೇ ಉಸಿರಿನಲ್ಲಿ ಮರಾಠಿಯಿಂದ ಕನ್ನಡಕ್ಕೆ ದಾಟುತ್ತಾರೆ. ಯಂತ್ರ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಅದಕ್ಕೆ ಕಲಿಸಬೇಕೆಂದರೆ ಆ ಜನರ ದನಿಯೇ ಬೇಕು.

ಹಾಗಾಗಿ ನಾವು ಮನೆ ಮನೆ ತಿರುಗಿದೆವು. ಖಾನಾಪುರದ ಓಣಿಗಳು, ಸುತ್ತಲ ಹಳ್ಳಿಗಳು, ಸಂತೆಯ ದಿನ ನಂದಗಡ. ಅಕ್ಕೋರು ಯಾರ ಮನೆಯಲ್ಲೂ ಹೋದ ತಕ್ಷಣ ರೆಕಾರ್ಡರ್ ತೆಗೆದವರಲ್ಲ. ಕೂರುತ್ತಿದ್ದರು, ನೀರು ಕುಡಿಯುತ್ತಿದ್ದರು, ಆ ಮನೆಯ ಸುದ್ದಿ ಕೇಳುತ್ತಿದ್ದರು. ನಂದಗಡದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಒಬ್ಬ ಅಜ್ಜಿಯಿದ್ದಳು, ಬಲು ಜೋರು. ದನಿ ಕೊಡು ಅಂದರೆ ಸೆರಗು ಸರಿಮಾಡಿಕೊಂಡು, ತಲೆ ಬಾಚಿಕೊಂಡು ಬಂದು ಕೂತಳು. ಆಮೇಲೆ ಕೇಳಿದಳು:

"ನನ್ನ ದನಿ ಒಯ್ದು ಎಲ್ಲಿಡಾಕಿ ನೀ?"

"ನನ್ನ ಕಡೆನ ಇರ್ತೈತಿ ಅಜ್ಜಿ."

"ಯಾರಿಗರೆ ಮಾರಿದ್ಯಂದ್ರ?"

"ನಿನ್ನ ಕೇಳದ ಯಾರಿಗೂ ಕೊಡಂಗಿಲ್ಲ. ಮಾತ ಕೊಟ್ಟೀನಿ."

ಅಜ್ಜಿ ಕೈ ಮುಂದೆ ಚಾಚಿದಳು. ಅಕ್ಕೋರು ಆ ಕೈಮೇಲೆ ಕೈಯಿಟ್ಟರು. ಆಮೇಲೆ ಅಜ್ಜಿ ಮಾತಾಡಿದ್ದೇ ಮಾತಾಡಿದ್ದು, ಸೊಸೆಯ ಮೇಲಿನ ಚಾಡಿಯೂ ಅದರಲ್ಲಿ ಬಂತು. ಹೀಗೆ ಕೈಮೇಲೆ ಕೈಯಿಟ್ಟು ಅಕ್ಕೋರು ಎಷ್ಟು ಮನೆಯಲ್ಲಿ ಮಾತು ಕೊಟ್ಟರೋ! ಅದು ಯಾವ ಕರಾರಿನಲ್ಲೂ ಇಲ್ಲ. ಅಕ್ಕೋರಿಗೆ ಅದೇ ದೊಡ್ಡ ಕರಾರು.

ತಂದ ದನಿಗಳನ್ನು ಕೇಳಿ ಬರೆಯುವುದು, ಯಾವ ಮಾತಿಗೆ ಯಾವ ಅರ್ಥ ಎಂದು ಗುರುತು ಹಾಕುವುದು ನನ್ನ ಕೆಲಸ. 'ಆತ್ರಿ'ಗೆ ಅಕ್ಕೋರು ಒಂದೇ ಗುರುತು ಹಾಕಗೊಡಲಿಲ್ಲ. ಒಪ್ಪಿದ ಆತ್ರಿಗೆ ಒಂದು ಡಬ್ಬಿ, ಸಾಕು ಮಾಡಿ ಎನ್ನುವ ಆತ್ರಿಗೆ ಇನ್ನೊಂದು, ಆಗದು ಎಂಬುದಕ್ಕೆ ಮತ್ತೊಂದು, ಹೋಗಲಿ ಬಿಡಿ ಎಂದು ಮನ್ನಿಸುವುದಕ್ಕೆ ಬೇರೆ. ಡಬ್ಬಿ ಅನ್ನುವುದು ಅವರದೇ ಮಾತು. ನಾನು ಬೇಸರಪಟ್ಟು "ಅಕ್ಕೋರ, ಎಲ್ಲಾ ಒಂದ ಅಲ್ಲೇನ್ರಿ?" ಅಂದರೆ, "ಆತ್ರಿ ಅಂದ್ರ ಬಾಗಿಲಾ ಇದ್ದಂಗ ತಂಗಿ. ತಗದಾರೋ ಹಾಕ್ಯಾರೋ ನೋಡದ ಒಳಗ ನುಗ್ಗಬಾರದು" ಅನ್ನುತ್ತಿದ್ದರು.

ಇಷ್ಟಾಗುವ ಹೊತ್ತಿಗೆ ಅವರ ನಿವೃತ್ತಿಯ ದುಡ್ಡು ಕರಗಿತ್ತು. ಆಗ ಬಂದರು ಬಂಡವಾಳದವರು. ಬಂದವನು ಇದೇ ಪ್ರತಿನಿಧಿ. ದಕ್ಷಿಣದ ಕಡೆಯ ಹುಡುಗ, ನಯವಾದ ಮಾತು, ಪ್ರತಿ ವಾಕ್ಯಕ್ಕೂ ಮೊದಲು 'ಬೇಸಿಕಲಿ'. ಅಕ್ಕೋರು ಅವನಿಗೆ ಬೇಸಿಕಲಿ ಸಾಹೇಬ ಎಂದು ಹೆಸರಿಟ್ಟರು. ಅವನ ಎದುರಿಗೇ ಒಮ್ಮೆ ಹಾಗೆ ಕರೆದುಬಿಟ್ಟರು, ಅವನೂ ನಕ್ಕ. ಕೆಟ್ಟ ಹುಡುಗ ಎಂದು ಆಗ ನನಗೂ ಅನ್ನಿಸಿರಲಿಲ್ಲ.

ಕರಾರುಪತ್ರ ದಪ್ಪಗಿತ್ತು. ಬೌದ್ಧಿಕ ಆಸ್ತಿಯ ಹಕ್ಕು ಎಂಬ ಭಾಗವೇ ಹತ್ತಾರು ಪುಟ. ನನಗೆ ತಲೆಬುಡ ತಿಳಿಯಲಿಲ್ಲ. ಅಕ್ಕೋರು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ನನಗೆ ಬಿಡಿಸಿ ಹೇಳಿದರು.

"ತವರಮನಿ ಭಾಂಡೆ-ಪಾತ್ರಿಗೆ ನಾವು ಹೆಸರು ಹಾಕಸ್ತೀವಲ್ಲ, ಹಂಗ ಇದು. ಜನರ ದನಿ, ನಾವು ಹಾಕಿದ ಗುರುತು, ಇವು ನಾ ತಂದ ಭಾಂಡೆ. ಅದರ ಮ್ಯಾಲೆ ನನ್ನ ಹೆಸರು. ಅವರು ರೊಕ್ಕಾ ಹಾಕಿದ ಮ್ಯಾಲೆ ಕೂಡಿ ಏನ ಮಾಡ್ತೀವಿ, ಆ ಯಂತ್ರ, ಅದು ಅಡಗಿ. ಅಡಗಿ ಇಬ್ಬರದೂ. ಅದನ್ನ ಅವರು ಮಾರಲಿ, ಬ್ಯಾಡ ಅನ್ನಂಗಿಲ್ಲ. ಭಾಂಡೆ ಮುಟ್ಟಂಗಿಲ್ಲ."

ಕರಾರಿನಲ್ಲೂ ಹಾಗೇ ಇತ್ತು. ಎರಡು ಪಟ್ಟಿ, ಒಂದರಲ್ಲಿ ಅಕ್ಕೋರು ತಂದದ್ದು, ಇನ್ನೊಂದರಲ್ಲಿ ಜಂಟಿ ಕೆಲಸ. ಮೊದಲ ಪಟ್ಟಿಯ ವಸ್ತುವನ್ನು ಎರಡನೆಯದಕ್ಕೆ ದಾಟಿಸಬೇಕಾದರೆ ಅಕ್ಕೋರ ಒಪ್ಪಿಗೆ ಬೇಕು, ಆ ಒಪ್ಪಿಗೆ ಜಂಟಿ ಸಭೆಯ ನಡಾವಳಿಯಲ್ಲಿ ದಾಖಲಾದರೆ ಸಾಕು. ಅದನ್ನೂ ಅಕ್ಕೋರು ಓದಿದ್ದರು. "ಸಭಾದಾಗ ಬರಕೊಳ್ಳಾವರು ಇರ್ತಾರ, ನಾನೂ ಅಲ್ಲೇ ಇರ್ತೀನಿ, ಅದಕ್ಕೇನ್ ಅಂಜಿಕಿ?" ಅಂದು ಸಹಿ ಮಾಡಿದರು. ನಡಾವಳಿ ಬರೆಯುವುದು ಮನುಷ್ಯರು ಎಂದು ತಿಳಿದಿದ್ದರು. ತಿಳಿಯದೆ ಮತ್ತೇನು!

ದುಡ್ಡು ಬಂತು, ಕೆಲಸ ಓಡಿತು. ಬಂಡವಾಳದವರ ಬೆಂಗಳೂರಿನ ಎಂಜಿನಿಯರುಗಳು ನಮ್ಮ ದನಿಗಳ ಮೇಲೆ ಯಂತ್ರ ಕಟ್ಟಿದರು. ಒಂದು ದಿನ ನೋಡುತ್ತೇವೆ, ಆತ್ರಿಯ ಡಬ್ಬಿಗಳೆಲ್ಲ ಮಾಯ! ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಮೇಲೆ 'ಒಪ್ಪಿಗೆ' ಎಂದು ಬರೆದಿಟ್ಟಿದ್ದರು. ಯಾಕೆ ಎಂದರೆ, "ಇಷ್ಟೊಂದು ವೆರೈಟಿ ಇದ್ರೆ ಯಂತ್ರ ಸ್ಲೋ ಆಗುತ್ತೆ ಮೇಡಂ." ಅಕ್ಕೋರು ಫೋನಿನಲ್ಲಿ ಕೂಗಾಡಿದ್ದು ಕೆಳಗಿನ ಮಗ್ಗದವರಿಗೂ ಕೇಳಿತಂತೆ, ಮಗ್ಗದ ಸದ್ದಿನ ಮೇಲೆ! "ಅದು ಹೌದು ಅಲ್ರೀ! ನೀವು ನಮ್ಮ ಮಂದೀನ ಗುಮಾಸ್ತರು ಮಾಡಾಕತ್ತೀರಿ, ಎಲ್ಲಾದಕ್ಕೂ ಹೂಂ ಹೂಂ ಅಂತ!" ಆ ಕಡೆಯಿಂದ, ಮುಂದಿನ ಸಲ ಸರಿ ಮಾಡೋಣ ಮೇಡಂ ಎಂದರು. ಮಾಡಲಿಲ್ಲ.

ಇನ್ನು ಆ ಜಂಟಿ ಸಭೆಯ ಮಾತು. 

ಚಳಿಗಾಲ, ಹೊತ್ತು ಬೇಗ ಇಳಿಯುವ ದಿನಗಳು. ಕ್ಯಾಂಪಿನಲ್ಲಿ ಬಂಡವಾಳದವರು ಬಾಡಿಗೆಗೆ ಹಿಡಿದಿದ್ದ ಹಳೆಯ ಬಂಗಲೆಯಲ್ಲಿ ಮಧ್ಯಾಹ್ನಕ್ಕೆ ಕರೆದಿದ್ದರು. ಅವರ ಕಂಪನಿಯ ದೊಡ್ಡ ಸಾಹೇಬರ ವಿಮಾನ ತಡವಾಯಿತು, ಸಭೆ ಶುರುವಾದಾಗಲೇ ಬಿಸಿಲು ಗೋಡೆ ಹತ್ತಿತ್ತು. ಮೇಜಿನ ನಡುವೆ ಒಂದು ಕರಿಯ ಯಂತ್ರ ಇಟ್ಟಿದ್ದರು. ನಮ್ಮ ಯಂತ್ರದ್ದೇ ಕೂಸು ಅದು. ಸಭೆಯ ಮಾತು ಕೇಳಿ ತಾನೇ ನಡಾವಳಿ ಬರೆಯುತ್ತದಂತೆ. "ಮೇಡಂ, ನಿಮ್ಮ ಟೆಕ್ನಾಲಜಿನೇ!" ಎಂದು ಬೇಸಿಕಲಿ ಸಾಹೇಬ ಹೆಮ್ಮೆಯಿಂದ ತೋರಿಸಿದ. ಅಕ್ಕೋರಿಗೂ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಅವರು ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ತೋರಿಸುತ್ತ ಹೋದರು. ಹೊರಗೆ ಮರಗಳ ನೆರಳು ಉದ್ದವಾಯಿತು. ಅಕ್ಕೋರು ಮುಂಗೈ ತಿರುಗಿಸಿ ಗಡಿಯಾರ ನೋಡಿದರು, ಕಿಟಕಿ ನೋಡಿದರು, ನನ್ನ ಚೀಲದಲ್ಲಿದ್ದ ಡಬ್ಬಿ ನೋಡಿದರು. ಒಂದು ಸಲ ಬಾಯಿಬಿಟ್ಟು ಕೇಳಿದರು:

"ಹೊತ್ತು ಮುಳಗಾಕ ಬಂತ್ರಿ. ಒಂದೀಟ ಉಂಡ ಬರ್ಲೇನು?"

"ಐದೇ ನಿಮಿಷ ಮೇಡಂ, ಮುಗೀತು."

ಮುಗಿಯಲಿಲ್ಲ. ಬೇಸಿಕಲಿ ಸಾಹೇಬ ಮುಂದಿನ ಚಿತ್ರಕ್ಕೆ ಹೋದ. "ಬೇಸಿಕಲಿ ಕೆಲಸ ಸುಲಭ ಆಗ್ಲಿ ಅಂತ, ವಾಯ್ಸ್ ಕಲೆಕ್ಷನ್ ಪೂರ್ತಿ ಜಂಟಿ ಪಟ್ಟಿಗೆ ತಗೊಳ್ತೀವಿ ಮೇಡಂ. ಫಾರ್ಮಾಲಿಟಿ ಅಷ್ಟೆ. ಓಕೆ ಅಲ್ವಾ?"

ಅಕ್ಕೋರು ಕಿಟಕಿಯ ಕಡೆ ನೋಡುತ್ತ, ಎರಡೂ ಕೈ ಮೇಜಿನ ಮೇಲೂರಿ ಅರ್ಧ ಎದ್ದರು.

"ಆತ್ರಿ, ಆತ್ರಿ. ಆತಿನ್ನ, ಏಳೂಣು."

ಕೇಳಿದಿರಾ? ಸಾಕು ಮಾಡಿ, ಏಳೋಣ ಎಂದದ್ದು ಅದು. ಆ ಕೋಣೆಯಲ್ಲಿ ಖಾಸಬಾಗದವರು ಇನ್ನೊಬ್ಬರಿದ್ದಿದ್ದರೆ ಅವರೂ ಚೀಲ ಎತ್ತಿಕೊಂಡು ಏಳುತ್ತಿದ್ದರು. ನಾನು ಎದ್ದೆ. ವರಾಂಡಕ್ಕೆ ಬಂದು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಕ್ಕೋರು ಮುಚ್ಚಳ ಮತ್ತೆ ಹಾಕಿದರು. "ಇರಲಿ ಬಿಡು, ನೀ ಉಣ್ಣು" ಅಂದರು. ಆಟೋದಲ್ಲಿ ಬರುವಾಗ, "ಆ ದನಿ ವಿಷಯ ಏನೋ ಅಂದನಲ್ಲ, ಮುಂದಿನ ಸಭಾದಾಗ ಹಿಡದ ಝಾಡಸ್ತೀನಿ" ಎಂದರು. ಆ ದಿನ ಅವರು ಉಪವಾಸ ಮಲಗಿದರು.

ಮರುದಿನ ನಡಾವಳಿ ಬಂತು, ಚೊಕ್ಕ ಇಂಗ್ಲಿಷಿನಲ್ಲಿ. ಧ್ವನಿ ಸಂಗ್ರಹವನ್ನು ಜಂಟಿ ಪಟ್ಟಿಗೆ ಸೇರಿಸಲು ಸಂಸ್ಥಾಪಕರು ಒಪ್ಪಿದ್ದಾರೆ, ಮತ್ತೊಮ್ಮೆ ಒಪ್ಪಿದ್ದಾರೆ ಎಂದು. ಆತ್ರಿ, ಆತ್ರಿ, ಎರಡು ಸಲ ಅಂದಿದ್ದರಲ್ಲ! ಅಕ್ಕೋರು ಅದೇ ಗಳಿಗೆಯಲ್ಲಿ ಫೋನ್ ಮಾಡಿದರು, ಅದೇ ದಿನ ತಕರಾರು ಬರೆದು ಕಳಿಸಿದರು. ಬಂಡವಾಳದವರ ವಕೀಲರು ಕೊಟ್ಟ ಉತ್ತರ ಕೇಳಿ. ಯಂತ್ರ ತಪ್ಪು ತಿಳಿದಿದೆ ಅನ್ನುತ್ತೀರಾ? ಹಾಗಾದರೆ ನೀವು ತಂದ ದನಿ, ನೀವು ಹಾಕಿದ ಗುರುತು ಯಾವುದಕ್ಕೂ ಬಾರದ್ದು, ಅದರ ಮೇಲಿನ ಹಕ್ಕಿಗಾಗಿ ಯಾಕೆ ಜಗಳ? ಯಂತ್ರ ಸರಿಯಾಗಿ ತಿಳಿದಿದೆ ಅನ್ನುತ್ತೀರಾ? ಹಾಗಾದರೆ ನೀವು ಒಪ್ಪಿದ್ದೀರಿ.

ಏನು ಬುದ್ಧಿ! ಡಬ್ಬಿ ಒಡೆದವರು ತಾವು, ಆತ್ರಿಗೆ ಒಪ್ಪಿಗೆ ಎಂದು ಹಣೆಪಟ್ಟಿ ಹಚ್ಚಿದವರು ತಾವು, ಈಗ ಅದೇ ಯಂತ್ರವನ್ನು ಸಾಕ್ಷಿಗೆ ತಂದು ನಿಲ್ಲಿಸುತ್ತಾರೆ. ಅಕ್ಕೋರು ಆ ಕಾಗದವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಕೂಡಿ ಉಂಡ್ವಿ ಅಂತ ಭಾಂಡೆನೂ ಅವರದಾತೇನು ತಂಗಿ?" ಅಂದರು.

ವಿಷಯ ಮಧ್ಯಸ್ಥರ ಮುಂದೆ ಹೋಯಿತು, ಈಗಲೂ ಅಲ್ಲೇ ಇದೆ. ಅಕ್ಕೋರಿಗೆ ಕರಾರಿನ ಚಿಂತೆಗಿಂತ ಆ ಕೈಮೇಲೆ ಇಟ್ಟ ಕೈಯ ಚಿಂತೆ. ದನಿ ಕೊಟ್ಟವರಿಗೆ ಏನು ಹೇಳಲಿ, ಏನು ಹೇಳಲಿ ಎಂದು ಇದೇ ಜಪ. ಕಡೆಗೆ ಕ್ಷಮೆ ಕೇಳುವ ದಿನ ಬಂತು. ಆ ವರ್ಷ ಅವರು ಓಣಿಯಲ್ಲಿ ನಿಲ್ಲಲಿಲ್ಲ. ನನ್ನನ್ನು ಕರೆದುಕೊಂಡು ಖಾನಾಪುರದ ಬಸ್ಸು ಹತ್ತಿದರು. ಅಂದಿನಿಂದ ಶುರುಮಾಡಿ, ದನಿ ಕೊಟ್ಟ ಒಂದೊಂದು ಮನೆಯ ಮುಂದೆಯೂ ನಿಂತು ಕೈಮುಗಿದು ಹೇಳಿದರು: "ನಿಮ್ಮ ದನಿ ನನ್ನ ಕೈಯಾಗಿಂದ ಹೋಗಾಕತ್ತೈತಿ. ತಡ್ಯಾಕ ಬಡದಾಡಾಕತ್ತೀನಿ. ಕ್ಷಮಾ ಇರಲಿ."

ಕೆಲವರಿಗೆ ಏನೆಂದು ತಿಳಿಯಲೇ ಇಲ್ಲ. ಒಬ್ಬಾತ ಬೈದ. ನಂದಗಡದ ಮೆಣಸಿನಕಾಯಿ ಅಜ್ಜಿಗೆ ಚೆನ್ನಾಗಿ ತಿಳಿಯಿತು. ಅವಳು ಬೈಯುತ್ತಾಳೆ ಎಂದು ನಾನು ಹೆದರಿ ನಿಂತಿದ್ದೆ. ಅವಳು ಅಕ್ಕೋರ ಮುಗಿದ ಕೈ ಹಿಡಿದು ಕೆಳಗಿಳಿಸಿ,

"ಆತ್ ತಗೋ ಯವ್ವಾ. ಒಯ್ದರ ಒಯ್ಯಲಿ. ನನ್ನ ಗಂಟಲಾಗ ಇನ್ನೂ ಐತಲ್ಲ ದನಿ" ಅಂದಳು.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. "ಅಕೀ ಆತ್ ತಗೋ ಅಂದ್ಲಲ್ಲ, ಅದು ಕ್ಷಮಾ ತಂಗಿ. ಅದಕ್ಕೂ ನಾ ಒಂದ ಡಬ್ಬಿ ಮಾಡಿಟ್ಟಿದ್ದೆ" ಅಂದರು.

ಅಂದಿನಿಂದ ಅಕ್ಕೋರು 'ಆತ್ರಿ' ಅನ್ನುವುದನ್ನೇ ಬಿಟ್ಟರು. ಇದನ್ನು ಯಾರೂ ಶ್ರದ್ಧಾಂಜಲಿ ಸಭೆಯಲ್ಲಿ ಹೇಳಲಿಲ್ಲ. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತು! ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಅಂದರೆ "ಒಪ್ಪಿದೆ" ಅನ್ನುವರು, ಆತ ಪಿಳಿಪಿಳಿ ನೋಡುವನು. ಮನೆಗೆ ಬಂದವರು ಬರ್ತೀವ್ರಿ ಎಂದು ಎದ್ದರೆ ಬರೀ ತಲೆ ಬಾಗಿಸುವರು. ಅಕ್ಕೋರಿಗೆ ಈಚೆಗೆ ಸೊಕ್ಕು ಬಂದಿದೆ ಎಂದು ಓಣಿಯಲ್ಲಿ ಮಾತಾಯಿತು. ಒಬ್ಬ ಹೆಣ್ಣುಮಗಳ ಬಾಯಿಂದ ಅವಳ ತಾಯಿ ಕಲಿಸಿದ ಮಾತನ್ನೇ ಕಿತ್ತುಕೊಂಡರಲ್ಲ, ಇದಕ್ಕೆ ಯಾವ ಪಟ್ಟಿ, ಯಾವ ನಡಾವಳಿ? ಇದಕ್ಕೆ ಯಾವ ವಕೀಲ ಉತ್ತರ ಕೊಡುತ್ತಾನೆ?

ಮುಂದೆ ಎದೆಯ ಬೇನೆ ಶುರುವಾಗಿ ಅವರು ಖಾನಾಪುರದ ತಮ್ಮನ ಮನೆಗೆ ಹೋದರು. ನಾನು ಬಿಡುವಿದ್ದಾಗಲೆಲ್ಲ ಹೋಗಿ ಬರುತ್ತಿದ್ದೆ. ಒಂದು ಮಧ್ಯಾಹ್ನ ನಾನಿದ್ದಾಗಲೇ ಬೇಸಿಕಲಿ ಸಾಹೇಬ ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ. ಪರದೇಶದ ದೊಡ್ಡ ಕಂಪನಿಯೊಂದು ಆ ದನಿಗಳನ್ನೆಲ್ಲ ಕೊಳ್ಳಲು ತಯಾರಿದೆಯಂತೆ. ಆದರೆ ತಕರಾರು ಇರುವ ಮಾಲು ತಮಗೆ ಬೇಡ, ಮೊದಲು ಆ ಹೆಣ್ಣುಮಗಳಿಂದ ಸಹಿ ತನ್ನಿ ಅಂದಿದ್ದಾರಂತೆ. ನೋಡಿ! ಒಪ್ಪಿಗೆ ಆಗಲೇ ಸಿಕ್ಕಿದೆ ಅನ್ನುತ್ತಿದ್ದವರು ಇನ್ನೊಮ್ಮೆ ಒಪ್ಪಿಗೆ ಕೇಳಲು ಕಾಯಿಲೆ ಹಾಸಿಗೆಯವರೆಗೆ ಬಂದಿದ್ದರು.

ಅವನು ಕಾಗದ ತೆಗೆದ. ಫೋನನ್ನು ಹೊದಿಕೆಯ ಮೇಲೆ ಅಕ್ಕೋರ ಕೈಗೆ ಹತ್ತಿರವಾಗಿ ಇಟ್ಟ. ಮಾತಾಡಿದ್ದನ್ನು ಅದು ಬರೆದುಕೊಳ್ಳುತ್ತದೆ, ಮೇಡಂಗೆ ಸಹಿಯ ಶ್ರಮ ಬೇಡ ಅಂದರೆ ಬಾಯಿಮಾತೂ ನಡೆಯುತ್ತದೆ ಎಂದ. "ಬೇಸಿಕಲಿ ಹಳೇ ಒಪ್ಪಿಗೆನ ಕನ್ಫರ್ಮ್ ಮಾಡಿದ್ರೆ ಸಾಕು ಮೇಡಂ. ಆಯ್ತಲ್ವಾ? ಆತ್ರೀ?"

ನಮ್ಮ ಮಾತನ್ನು ಬೇರೆ ಕಲಿತಿದ್ದ!

ಅಕ್ಕೋರು ನನಗೆ ಸನ್ನೆ ಮಾಡಿದರು, ದಿಂಬು ಎತ್ತರ ಮಾಡಿದೆ. ಫೋನಿನ ಕಡೆ ಬೆರಳು ತೋರಿಸಿ ಕೇಳಿದರು:

"ಇದು ಕೇಳಾಕತ್ತೈತೇನು?"

"ಕೇಳ್ತಿದೆ ಮೇಡಂ."

"ನಾ ಹೇಳಿದ್ದು ಬರಕೊಳ್ತೈತಿ?"

"ಹೌದು ಮೇಡಂ."

ಅಕ್ಕೋರು ಬಾಗಿ ಫೋನಿನ ಹತ್ತಿರ ಬಾಯಿ ತಂದರು.

"ಒಲ್ಲೆ" ಅಂದರು. ಉಸಿರು ತೆಗೆದುಕೊಂಡು ಮತ್ತೆ, "ಒಲ್ಲೇ ಒಲ್ಲೆ" ಅಂದರು.

ದನಿ ನಡುಗಲಿಲ್ಲ. ಅಡುಗೆಮನೆಯಲ್ಲಿದ್ದ ಅವರ ತಮ್ಮನ ಹೆಂಡತಿಗೂ ಕೇಳಿತು, ಆಕೆ ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಬಂದು ನಿಂತರು. ಬೇಸಿಕಲಿ ಸಾಹೇಬ ಕೆಂಪಗಾಗಿ, "ಮೇಡಂ, ನಮ್ಮ ಮೇಲೆ ಸಿಟ್ಟಿದ್ರೆ ದಯವಿಟ್ಟು..." ಎಂದು ಶುರು ಮಾಡಿದ.

"ಸಿಟ್ಟಿಲ್ಲೋ ಹುಡುಗಾ. ನಿನ್ನ ಕ್ಷಮಾ ಮಾಡೇನಿ. ಸಹಿ ಮಾಡಂಗಿಲ್ಲ. ಕ್ಷಮಾ ಬ್ಯಾರೆ, ಹಕ್ಕು ಬ್ಯಾರೆ." ಆಮೇಲೆ ನಾದಿನಿಯ ಕಡೆ ತಿರುಗಿ, "ಹುಡುಗ ದೂರದಿಂದ ಬಂದಾನ, ಉಣ್ಣಾಕ ಹಾಕು" ಅಂದರು.

ಅವನು ತಲೆತಗ್ಗಿಸಿ, "ಆತ್ರಿ" ಅಂದ. ಅಕ್ಕೋರು ನನ್ನ ಕಡೆ ನೋಡಿ ಎಷ್ಟೋ ತಿಂಗಳ ಮೇ‍ಲೆ ನಕ್ಕರು. "ಈ ಆತ್ರಿ ಯಾ ಡಬ್ಬಿಗೆ ಹಾಕ್ತಿ ತಂಗಿ?" ಅಂದರು. ಅವನು ಎರಡು ಚಪಾತಿ ಉಂಡು, ಕೈತೊಳೆದು, ಫೋನು ಎತ್ತಿಕೊಂಡು ಹೋದ. ಅದಾಗಿ ತಿಂಗಳು ಕಳೆಯುವುದರೊಳಗೆ ಅಕ್ಕೋರು ಹೋದರು.

ಆ ಮಧ್ಯಾಹ್ನದ ನಡಾವಳಿಯ ಪ್ರತಿ ಮಧ್ಯಸ್ಥರ ಮೂಲಕ ನನಗೂ ಬಂದಿದೆ, ನಾನು ಅಲ್ಲಿದ್ದ ಸಾಕ್ಷಿಯಲ್ಲವೇ. ಶ್ರದ್ಧಾಂಜಲಿ ಸಭೆಯಿಂದ ಬಂದವಳು ಅದನ್ನು ಮತ್ತೆ ತೆಗೆದು ಓದಿದೆ. ದಿನ ಸರಿಯಾಗಿದೆ. ಊರು ಸರಿಯಾಗಿದೆ. ಪ್ರತಿನಿಧಿ ಕೇಳಿದ ಪ್ರಶ್ನೆ ಅಕ್ಷರವೂ ತಪ್ಪದೆ ಇದೆ. ಅಕ್ಕೋರ ಉತ್ತರ ಇರಬೇಕಾದ ಜಾಗದಲ್ಲಿ ಯಂತ್ರ ಒಂದೇ ಪದ ಬರೆದಿದೆ: ಅಸ್ಪಷ್ಟ.

ಅಸ್ಪಷ್ಟವಂತೆ! ಹಸಿದು ಎದ್ದವಳ ಆತ್ರಿ ನಿಮಗೆ ಸ್ಪಷ್ಟವಾಗಿ ಕೇಳಿತು, ಎರಡು ಸಲ ಕೇಳಿತು. ದಿಂಬಿಗೆ ಒರಗಿ, ಫೋನಿಗೆ ಬಾಯಿಟ್ಟು ಅಂದ ಒಲ್ಲೆ ಕೇಳಲಿಲ್ಲ. ಆ ದನಿಯೂ ನಿಮ್ಮ ಹತ್ತಿರವೇ ಇದೆಯಲ್ಲ, ಶ್ರದ್ಧಾಂಜಲಿ ಸಭೆಯಲ್ಲಿ ಅದನ್ನು ಯಾಕೆ ಹಾಕಲಿಲ್ಲ? ಖಾಸಬಾಗದಿಂದ ನಂದಗಡದವರೆಗೆ ಯಾವ ಮನೆಗಾದರೂ ಹೋಗಿ, ಈಗಷ್ಟೇ ಮಾತು ಕಲಿಯುವ ಕೂಸಿನ ಬಾಯಿಗೆ ಹಾಲಿನ ಬಟ್ಟಲು ಹಿಡಿದು ನೋಡಿ. ಹೊಟ್ಟೆ ತುಂಬಿದ್ದರೆ ಅದು ಮುಖ ತಿರುಗಿಸಿ ಅನ್ನುವ ಮೊದಲ ಮಾತೇ 'ಒಲ್ಲೆ'. ತಾಯಿ ಬಟ್ಟಲು ಕೆಳಗಿಡುತ್ತಾಳೆ.